ಧರ್ಮಪ್ಪನ ಲೈಸೆನ್ಸಿಗೆ ಇಪ್ಪತ್ತೊಂದು ದಿನ

ಆಧಾರ್ ಕಾರ್ಡು, ರೇಷನ್ ಕಾರ್ಡು, ವೋಟರ್ ಕಾರ್ಡು, ಬ್ಯಾಂಕಿನ ಪಾಸ್‌ಬುಕ್ಕು. ನಮ್ಮ ಮನೆಗಳಲ್ಲಿ ಇವೆಲ್ಲ ಒಂದೇ ಪ್ಲಾಸ್ಟಿಕ್ ಕವರಿನಲ್ಲಿ ಒತ್ತೊತ್ತಾಗಿ ಕೂತಿರುತ್ತವೆ. ಬೇಕಾದಾಗ ತೆಗೆಯುತ್ತೇವೆ, ಕೆಲಸ ಮುಗಿದ ಮೇಲೆ ಮತ್ತೆ ತುರುಕುತ್ತೇವೆ. ಅವುಗಳ ಮೇಲೆ ಏನು ಬರೆದಿದೆ ಎಂದು ಓದುವ ಪುರುಸೊತ್ತು ಯಾರಿಗಿದೆ?

ಭದ್ರಾವತಿ ಹಳೇನಗರದ ಧರ್ಮಪ್ಪನ ಮನೆಯಲ್ಲೂ ಹಾಗೇ ಇತ್ತು. ಧರ್ಮಪ್ಪನಿಗೆ ಈಗ ಐವತ್ಮೂರು ವರ್ಷ. ಇಪ್ಪತ್ತಾರು ವರ್ಷದಿಂದ ಸ್ಟೇರಿಂಗ್ ಹಿಡಿದ ಕೈ. ಮೊದಲು ಬೇರೆಯವರ ಲಾರಿ, ಈಗ ಸ್ವಂತದ್ದೊಂದು ಲಗೇಜ್ ಆಟೊ. ಹೊಳೆಹೊನ್ನೂರಿನಿಂದ ತರಕಾರಿ ತರುತ್ತಾನೆ, ಯಾರಾದರೂ ಮನೆ ಬದಲಾಯಿಸಿದರೆ ಸಾಮಾನು ಸಾಗಿಸುತ್ತಾನೆ. ಇಷ್ಟು ವರ್ಷದಲ್ಲಿ ಗಾಡಿಗೆ ಒಂದು ಗೀರಿಲ್ಲ, ಮೈಮೇಲೆ ಒಂದು ಕೇಸಿಲ್ಲ ಎಂಬುದು ಅವನ ಹೆಮ್ಮೆ.

ಅವನ ಹೆಂಡತಿ ಹುಲಿಗೆಮ್ಮ ಸ್ತ್ರೀಶಕ್ತಿ ಸಂಘದವಳು. ಸಂಘದ ಹನ್ನೊಂದು ಹೆಂಗಸರು ಸೇರಿ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ ಮಾಡಿ ಮಾರುತ್ತಾರೆ. ಜುಲೈ ತಿಂಗಳಲ್ಲಿ ಅವರಿಗೆ ದೊಡ್ಡ ಆರ್ಡರೊಂದು ಬಂತು. ಶಿವಮೊಗ್ಗದ ಒಂದು ಲೇಡೀಸ್ ಹಾಸ್ಟೆಲ್ಲಿಗೆ ದಿನಾ ಮಧ್ಯಾಹ್ನದೊಳಗೆ ರೊಟ್ಟಿ ತಲುಪಿಸಬೇಕು. ಗಾಡಿ ಎಲ್ಲಿ ಹುಡುಕುವುದು? ಮನೆಯಲ್ಲೇ ಇದೆಯಲ್ಲ! ಹಾಸ್ಟೆಲ್ಲಿನವರು ಕೇಳಿದ್ದು ಇಷ್ಟೇ: ಗಾಡಿಯ ದಾಖಲೆ ಮತ್ತು ಡ್ರೈವರ್ ಲೈಸೆನ್ಸಿನ ಜೆರಾಕ್ಸ್.

ಹುಲಿಗೆಮ್ಮ ಕವರ್ ಬಿಚ್ಚಿ ಲೈಸೆನ್ಸ್ ತೆಗೆದಳು. ಜೆರಾಕ್ಸಿಗೆ ಹೊರಟವಳು ಬಾಗಿಲಲ್ಲೇ ನಿಂತಳು.

"ರೀ, ಇಲ್ನೋಡಿ. ಇದು ಹೋದ ವರ್ಷ ಆಗಸ್ಟ್ ಹನ್ನೆರಡಕ್ಕೇ ಮುಗಿದೋಗಿದೆ!"

ಊಟಕ್ಕೆ ಕೂತಿದ್ದ ಧರ್ಮಪ್ಪ ತಲೆ ಎತ್ತಲಿಲ್ಲ.

"ಗೊತ್ತು ಬಿಡೇ."

"ಗೊತ್ತಿದ್ದೂ ಸುಮ್ನಿದ್ರಾ?"

"ಕೈ ಮರೆತಿಲ್ಲ, ಕಾಲು ಮರೆತಿಲ್ಲ. ಕಾರ್ಡಿನ ಡೇಟ್ ಮುಗಿದ್ರೆ ಡ್ರೈವಿಂಗ್ ಮುಗಿದೋಗುತ್ತೇನೇ ಮಾರಾಯ್ತಿ? ಯಾರು ಕೇಳ್ತಾರೆ? ಮಾಡಿಸಿದ್ರಾಯ್ತು, ಅನ್ನ ಹಾಕು."

ಹುಲಿಗೆಮ್ಮ ಅನ್ನ ಹಾಕಿದಳು. ಆದರೆ ಕೈ ತೊಳೆದವಳೇ ಸೀದಾ ಎದುರು ಮನೆಗೆ ಹೋದಳು.

ಎದುರು ಮನೆಯಲ್ಲಿರುವುದು ಬಸವರಾಜೇಶ್ವರಿ. ಬೀದಿಗೆಲ್ಲ ಅವಳು ರಾಜಿ. ನ್ಯೂಟೌನಿನ ಒಂದು ಶಾಲೆಯ ವ್ಯಾನು ಓಡಿಸುತ್ತಾಳೆ. ಹತ್ತು ವರ್ಷದ ಹಿಂದೆ ಅವಳಿಗೆ ಕ್ಲಚ್ಚು ಯಾವುದು, ಬ್ರೇಕು ಯಾವುದು ಎಂದು ತೋರಿಸಿ, ಖಾಲಿ ಮೈದಾನದಲ್ಲಿ ಸುತ್ತು ಹೊಡೆಸಿ ಕಲಿಸಿದವನು ಇದೇ ಧರ್ಮಪ್ಪ. ಅವಳು ಬಂದು ಲೈಸೆನ್ಸನ್ನು ಎರಡೂ ಕಡೆ ತಿರುಗಿಸಿ ನೋಡಿದಳು. ಬೆರಳು ಮಡಚಿ ಲೆಕ್ಕ ಹಾಕಿದಳು.

"ಇವತ್ತು ಜುಲೈ ಇಪ್ಪತ್ತೆರಡು. ಇನ್ನು ಇಪ್ಪತ್ತೊಂದು ದಿನ ಇದೆ ಧರ್ಮಣ್ಣ."

"ಯಾತಕ್ಕೆ?"

"ಮುಗಿದು ಒಂದು ವರ್ಷ ಆಗೋದಕ್ಕೆ. ಅಷ್ಟರೊಳಗೆ ಅರ್ಜಿ ಹಾಕಿದ್ರೆ ನವೀಕರಣ ಮಾಡ್ತಾರೆ. ವರ್ಷ ದಾಟಿತು ಅಂದ್ರೆ ನೀವು ಮತ್ತೆ ಡ್ರೈವಿಂಗ್ ಟೆಸ್ಟ್ ಕೊಟ್ಟು ಪಾಸಾಗ್ಬೇಕು."

"ನಿಂಗೆ ಗಾಡಿ ಕಲಿಸಿದೋನು ನಾನು. ನಂಗೆ ಟೆಸ್ಟಾ?"

"ಕಾನೂನಿಗೆ ಗುರು ಯಾರು, ಶಿಷ್ಯೆ ಯಾರು ಅಂತ ಗೊತ್ತಾಗಲ್ಲ ಧರ್ಮಣ್ಣ. ದಂಡದ ಮಾತು ಆಮೇಲೆ. ನಾಳೆ ಯಾರೋ ಬಂದು ನಿಮ್ಮ ಗಾಡಿಗೆ ಗುದ್ದಿದ್ರೂ ಮೊದಲು ಕೇಳೋದು ಲೈಸೆನ್ಸು. ಅದು ಮುಗಿದಿದ್ರೆ ಇನ್ಶೂರೆನ್ಸಿನವರು ಅಲ್ಲೇ ತಕರಾರು ತೆಗೀತಾರೆ. ಪರಿಹಾರದ ಭಾರ ನಿಮ್ಮ ತಲೆ ಮೇಲೆ ಬಂದ್ರೆ ಆಟೊ ಮಾರಿದ್ರೂ ಸಾಲಲ್ಲ. ಹೊಸ ಲೈಸೆನ್ಸ್ ಕೈಗೆ ಬರೋ ತನಕ ನೀವು ಗಾಡಿ ಮುಟ್ಟಬೇಡಿ."

"ಮತ್ತೆ ರೊಟ್ಟಿ?" ಎಂದಳು ಹುಲಿಗೆಮ್ಮ. ಅವಳ ಕಣ್ಣ ಮುಂದೆ ಸಂಘದ ಉಳಿದ ಹತ್ತು ಮುಖಗಳೂ ಬಂದು ನಿಂತಿದ್ದವು.

"ಮಕ್ಕಳನ್ನ ಶಾಲೆಗೆ ಬಿಟ್ಟಮೇಲೆ ನಂಗೆ ಮೂರು ಗಂಟೆವರೆಗೂ ಬಿಡುವು. ನನ್ನ ಲೈಸೆನ್ಸು, ನಿಮ್ಮ ಗಾಡಿ. ನಾನು ಓಡಿಸ್ತೀನಿ, ಧರ್ಮಣ್ಣ ಬುಟ್ಟಿ ಇಳಿಸ್ಲಿ."

ಹಾಗೆ ಆಗಸ್ಟ್ ಒಂದರಿಂದ ರೊಟ್ಟಿ ಶಿವಮೊಗ್ಗದ ದಾರಿ ಹಿಡಿಯಿತು. ಇಪ್ಪತ್ತಾರು ವರ್ಷದಲ್ಲಿ ಮೊದಲ ಬಾರಿಗೆ ಧರ್ಮಪ್ಪ ತನ್ನದೇ ಗಾಡಿಯಲ್ಲಿ ಎಡಗಡೆ ಕೂತ. ಪರಿಚಯದವರು ಕಂಡರೆ ಮುಖ ಆ ಕಡೆ ತಿರುಗಿಸುತ್ತಿದ್ದ. ರಾಜಿ ದಿನಾ ಕೇಳುತ್ತಿದ್ದಳು, "ಅರ್ಜಿ ಹಾಕಿದ್ರಾ?" ಅವನು ದಿನಾ ಒಂದು ನೆಪ ಹೇಳುತ್ತಿದ್ದ. ಫೋಟೊ ಇಲ್ಲ. ಸರ್ವರ್ ಡೌನಂತೆ. ಇವತ್ತು ಅಮಾವಾಸ್ಯೆ.

ನಾಲ್ಕನೆಯ ದಿನ ರಾಜಿಗೆ ಅನುಮಾನ ಬಂತು. ಶಿವಮೊಗ್ಗ ಇನ್ನೇನು ಹತ್ತಿರ ಬಂದಿತ್ತು. ಎದುರಿನಿಂದ ಒಂದು ಬಸ್ಸು ಬರುತ್ತಿತ್ತು.

"ಧರ್ಮಣ್ಣ, ಆ ಬಸ್ಸು ಯಾವೂರಿಗೆ ಹೋಗ್ತಿದೆ?"

ಧರ್ಮಪ್ಪ ಕಣ್ಣು ಕಿರಿದು ಮಾಡಿದ. ಕೊರಳು ಮುಂದೆ ಚಾಚಿದ. ಬಸ್ಸು ಪಕ್ಕದಲ್ಲೇ ಹಾದು ಹೋಯಿತು. ಅಷ್ಟರೊಳಗೆ ಬೋರ್ಡು ಓದಲು ಅವನಿಗೆ ಆಗಲಿಲ್ಲ.

ರಾಜಿ ಗಾಡಿಯನ್ನು ನಿಧಾನ ಮಾಡಿ, ರಸ್ತೆಯಿಂದ ಪೂರ್ತಿ ಕೆಳಗಿಳಿಸಿ, ಒಂದು ಹುಣಸೆಮರದ ಕೆಳಗೆ ನಿಲ್ಲಿಸಿದಳು.

"ಎಷ್ಟು ದಿನದಿಂದ?"

ಧರ್ಮಪ್ಪ ತನ್ನ ಅಂಗೈ ನೋಡಿಕೊಂಡ. ಆಮೇಲೆ ಮೆಲ್ಲಗೆ ಹೇಳಿದ.

"ಎರಡು ವರ್ಷ ಆಯ್ತು ರಾಜಿ. ಹತ್ತಿರದ್ದು ಚೆನ್ನಾಗೇ ಕಾಣುತ್ತೆ. ದೂರದ್ದು ಮಂಜು ಮುಸುಕಿದ ಹಂಗೆ. ಲೈಸೆನ್ಸಿಗೆ ಹೋದ್ರೆ ಡಾಕ್ಟ್ರ ಸರ್ಟಿಫಿಕೇಟ್ ಬೇಕು ಅಂತಾರೆ. ಡಾಕ್ಟ್ರು ಕಣ್ಣು ನೋಡಿ, ಇವನು ಗಾಡಿ ಓಡಿಸೋ ಹಂಗಿಲ್ಲ ಅಂತ ಬರೆದುಬಿಟ್ರೆ? ನಂಗೆ ಬೇರೆ ಏನು ಬರುತ್ತೆ ಹೇಳು."

ರಾಜಿ ಇಂಜಿನ್ ಆಫ್ ಮಾಡಿದಳು. ಅವನೇ ಮುಂದುವರಿಸಿದ.

"ಹೋದ ತಿಂಗಳು ಸಂಜೆ ಹೊಳೆಹೊನ್ನೂರು ರಸ್ತೇಲಿ ಬರ್ತಿದ್ದೆ. ಒಬ್ಬಳು ಹೆಣ್ಮಗಳು ತಲೆ ಮೇಲೆ ಹುಲ್ಲಿನ ಹೊರೆ ಹೊತ್ಕೊಂಡು ರಸ್ತೆ ದಾಟ್ತಿದ್ಲು. ನಾನು ಅದನ್ನ ಗಿಡ ಅಂದ್ಕೊಂಡೆ. ಗಿಡ ನಡೀತಿದೆಯಲ್ಲ ಅಂತ ಹೊಳೆದಾಗ ಬ್ರೇಕ್ ಒತ್ತಿದೆ. ಗಾಡಿ ನಿಂತಾಗ ಅವಳಿಗೂ ಗಾಡಿಗೂ ಒಂದು ಮೊಳ. ಅವಳು ಬೈಲೂ ಇಲ್ಲ. ಹೊರೆ ಸರಿ ಮಾಡ್ಕೊಂಡು ಹೋಗಿಬಿಟ್ಲು. ಅವತ್ತಿಂದ ನಂಗೆ ಸರಿಯಾಗಿ ನಿದ್ದೆ ಇಲ್ಲ."

"ಹುಲಿಗೆಮ್ಮಕ್ಕಂಗೆ ಹೇಳಿದ್ರಾ?"

"ಯಾರಿಗೂ ಹೇಳಿಲ್ಲ. ಟೀ ಅಂಗಡೀಲಿ ಒಬ್ಬ ಸಿಕ್ಕಿದ್ದ. ಕಣ್ಣು ತೋರಿಸೋದೇ ಬೇಡ, ಸರ್ಟಿಫಿಕೇಟ್ ನಾನು ತಂದ್ಕೊಡ್ತೀನಿ ಅಂದ. ಹಂಗೆ ಮಾಡಿಸೋಣ ಅಂತಿದ್ದೆ."

"ಕಾಗದಕ್ಕೆ ಕಣ್ಣು ಬರುತ್ತೆ ಧರ್ಮಣ್ಣ, ನಿಮಗೆ ಬರಲ್ವಲ್ಲ!" ರಾಜಿಯ ದನಿ ಗಟ್ಟಿಯಾಯಿತು. "ಮುಂದಿನ ಸಲ ಆ ಒಂದು ಮೊಳ ಇಲ್ದೇ ಹೋದ್ರೆ? ನಾನು ದಿನಾ ಹದಿನೆಂಟು ಮಕ್ಕಳನ್ನ ಕೂರಿಸ್ಕೊಂಡು ಹೋಗ್ತೀನಿ. ಎದುರಿಂದ ಬರೋ ಡ್ರೈವರಿಗೆ ನನ್ನ ವ್ಯಾನು ಕಾಣುತ್ತೆ ಅಂತ ನಂಬ್ಕೊಂಡೇ ಹೋಗೋದು."

ಈ ಮಾತು ಧರ್ಮಪ್ಪನ ಎದೆಗೆ ನೇರವಾಗಿ ನಾಟಿತು. ಅವನು ಟವಲಿನಿಂದ ಮುಖ ಒರೆಸಿಕೊಂಡ.

"ನಾಳೆ ಕರ್ಕೊಂಡು ಹೋಗು," ಎಂದ.

ಮರುದಿನ ಭದ್ರಾವತಿಯ ಸರ್ಕಾರಿ ಆಸ್ಪತ್ರೆಯ ಕಣ್ಣಿನ ವಿಭಾಗದಲ್ಲಿ ಅವನ ಸರದಿ ಬಂತು. ಗೋಡೆಯ ಮೇಲಿನ ಅಕ್ಷರಗಳಲ್ಲಿ ಮೇಲಿನ ಎರಡು ಸಾಲು ಓದಿದ. ಮೂರನೆಯದಕ್ಕೆ ತಡವರಿಸಿದ. ಕೆಳಗಿನವು ಇರುವೆ ಸಾಲಿನ ಹಾಗೆ ಕಂಡವು. ಡಾಕ್ಟರಮ್ಮ ಅವನ ಮೂಗಿನ ಮೇಲೊಂದು ಭಾರದ ಚೌಕಟ್ಟು ಕೂರಿಸಿ, ಒಂದೊಂದೇ ಗಾಜು ಹಾಕಿ ತೆಗೆದು ನೋಡಿದರು. ಮೂರ್ನಾಲ್ಕು ಗಾಜು ಬದಲಾದ ಮೇಲೆ ಧರ್ಮಪ್ಪ ಇದ್ದಕ್ಕಿದ್ದಂತೆ ಕೊನೆಯ ಸಾಲಿನವರೆಗೂ ಗಡಗಡ ಓದಿಬಿಟ್ಟ.

"ಪೊರೆ ಬಂದಿಲ್ಲ, ಬೇರೆ ಏನೂ ತೊಂದ್ರೆ ಇಲ್ಲ. ದೂರದ ನಂಬರ್ ಬಂದಿದೆ ಅಷ್ಟೆ," ಎಂದರು ಡಾಕ್ಟರಮ್ಮ. "ಕನ್ನಡಕ ಹಾಕ್ಕೊಂಡು ಆರಾಮಾಗಿ ಗಾಡಿ ಓಡಿಸಿ. ಇಷ್ಟಕ್ಕೆ ಎರಡು ವರ್ಷ ಕತ್ತಲಲ್ಲಿ ಕೂತಿದ್ರಾ?"

ಧರ್ಮಪ್ಪನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎರಡು ದಿನದಲ್ಲಿ ಕನ್ನಡಕ ಕೈಗೆ ಬಂತು. ಅದನ್ನು ಹಾಕಿಕೊಂಡೇ ವೈದ್ಯಕೀಯ ಪರೀಕ್ಷೆ ಮಾಡಿಸಿಕೊಂಡ, ಪ್ರಮಾಣಪತ್ರಕ್ಕೆ ಡಾಕ್ಟರ ಸಹಿ ಬಿತ್ತು.

ಎಂಟನೇ ತಾರೀಕು ರಾಜಿ ತನ್ನ ಮೊಬೈಲಿನಲ್ಲೇ ಪರಿವಾಹನ್ ಸಾರಥಿ ಜಾಲತಾಣ ತೆರೆದಳು. ಲೈಸೆನ್ಸ್ ನಂಬರು, ಹುಟ್ಟಿದ ದಿನ ಹಾಕಿದಳು. ಒಟಿಪಿ ಬರಬೇಕು. ಬರಲೇ ಇಲ್ಲ. ನೋಡಿದರೆ, ಹಿಂದಿನ ಸಲ ಲೈಸೆನ್ಸ್ ಮಾಡಿಸಿದಾಗ ಕೊಟ್ಟಿದ್ದ ಮೊಬೈಲ್ ನಂಬರನ್ನು ಧರ್ಮಪ್ಪ ಯಾವತ್ತೋ ಬಿಟ್ಟಿದ್ದ. ಹೊಸ ನಂಬರು ಸೇರಿಸುವುದರಲ್ಲಿ ಒಂದು ದಿನ ಹೋಯಿತು. ಹುಲಿಗೆಮ್ಮ ಕ್ಯಾಲೆಂಡರ್ ಮುಂದೆ ನಿಂತು ನಿಟ್ಟುಸಿರು ಬಿಟ್ಟಳು. ಒಂಬತ್ತನೇ ತಾರೀಕು ಸಂಜೆ ಅರ್ಜಿ ಹೋಯಿತು, ಶುಲ್ಕ ಕಟ್ಟಿದ್ದಾಯಿತು, ರಸೀದಿ ಬಂತು. ಗಡುವಿಗೆ ಇನ್ನು ಮೂರೇ ದಿನ ಉಳಿದಿತ್ತು.

ಹಾಜರಾಗಲು ಕೊಟ್ಟ ದಿನದಂದು ಧರ್ಮಪ್ಪ ಅಸಲು ದಾಖಲೆಗಳನ್ನು ಹಿಡಿದು, ಬಸ್ಸಿನಲ್ಲಿ, ಶಿವಮೊಗ್ಗದ ಆರ್‌ಟಿಒ ಕಚೇರಿಗೆ ಹೋದ. ಅಲ್ಲಿನ ಸಿಬ್ಬಂದಿ ಕಾಗದ ಪರಿಶೀಲಿಸಿ, ಫೋಟೊ ತೆಗೆದರು.

"ಮೂರು ದಿನ ಇದ್ದಾಗ ಹಾಕಿದ್ದೀರಲ್ಲ ಯಜಮಾನ್ರೇ! ಮುಗಿಯೋ ಒಂದು ವರ್ಷದ ಮೊದಲಿಂದಲೇ ಅವಕಾಶ ಇರುತ್ತೆ," ಎಂದರು.

"ಇನ್ಮೇಲೆ ಮುಂಚೆನೇ ಬರ್ತೀನಿ ಸಾರ್," ಎಂದ ಧರ್ಮಪ್ಪ.

ಮುಂದಿನ ವಾರ ನವೀಕರಣವಾದ ಲೈಸೆನ್ಸ್ ಮೊದಲು ಮೊಬೈಲಿನ ಡಿಜಿಲಾಕರಿನಲ್ಲಿ ಕಾಣಿಸಿಕೊಂಡಿತು, ಆಮೇಲೆ ಕಾರ್ಡು ಅಂಚೆಯಲ್ಲಿ ಬಂತು. ಆ ದಿನ ಊಟ ಮಾಡುತ್ತ ಧರ್ಮಪ್ಪ ಹುಲಿಗೆಮ್ಮನಿಗೆ ಎಲ್ಲವನ್ನೂ ಹೇಳಿದ, ಹುಲ್ಲಿನ ಹೊರೆಯ ಹೆಂಗಸಿನ ವಿಷಯವನ್ನೂ ಬಿಡಲಿಲ್ಲ. ಹುಲಿಗೆಮ್ಮ ಕೈಯಲ್ಲಿದ್ದ ಸೌಟು ಕೆಳಗಿಟ್ಟಳು.

"ಕಣ್ಣು ಕಾಣಲ್ಲ ಅಂತ ಹೇಳೋಕೆ ನಿಮಗೆ ನಾಚಿಕೆ. ಅವಳಿಗೇನಾದ್ರೂ ಆಗಿದ್ರೆ ಅವಳ ಮಕ್ಕಳಿಗೆ ಏನು ಹೇಳ್ತಿದ್ರಿ?"

"ಅದಕ್ಕೇ ಹೇಳ್ತಿದ್ದೀನಿ ಕಣೇ. ತಪ್ಪು ನಂದೇ."

ಮರುದಿನ ಅವನೇ ಸ್ಟೇರಿಂಗ್ ಹಿಡಿದ. ಗಾಡಿ ತೆಗೆಯುವ ಮೊದಲು ಆಟೊ ಸ್ಟ್ಯಾಂಡಿಗೆ ಹೋಗಿ ಜೊತೆಯ ಡ್ರೈವರುಗಳನ್ನೆಲ್ಲ ಕರೆದ. "ಎಲ್ರೂ ಲೈಸೆನ್ಸ್ ತೆಗೀರಿ," ಎಂದ. ಅವರಲ್ಲೊಬ್ಬ ಬೀರಪ್ಪ ನಕ್ಕ: "ನೀನು ಯಾವಾಗಿಂದ ಪೊಲೀಸ್ ಆದೆ ಮಾರಾಯ? ನಾನು ಊರು ಬಿಟ್ಟು ಹೊರಗೇ ಹೋಗಲ್ಲ, ನಂಗ್ಯಾಕೆ?"

"ಊರೊಳಗೆ ಜನ ಇಲ್ವೇನೋ ಬೀರಪ್ಪ?"

ಬೀರಪ್ಪನ ನಗು ನಿಂತಿತು. ಪರ್ಸಿನಿಂದ ಲೈಸೆನ್ಸ್ ತೆಗೆದ. ಬರುವ ಫೆಬ್ರವರಿಗೆ ಮುಗಿಯುವುದಿತ್ತು. ಧರ್ಮಪ್ಪ ಅವನ ಭುಜದ ಮೇಲೆ ಕೈ ಹಾಕಿದ. "ಬಾ, ಇವತ್ತು ಮಧ್ಯಾಹ್ನ ನಿನ್ನ ಅರ್ಜಿ ಹಾಕೋಣ. ಕಣ್ಣೂ ತೋರಿಸೋಣ."

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ಈಗ ನಿಮ್ಮ ಸರದಿ. ಬಾಡಿಗೆ ಗಾಡಿಯ ಲೈಸೆನ್ಸ್ ಸಾಮಾನ್ಯವಾಗಿ ಐದು ವರ್ಷಕ್ಕೆ ಮುಗಿಯುತ್ತದೆ. ಸ್ವಂತ ಬೈಕು, ಕಾರಿನದು ನಿಮ್ಮ ವಯಸ್ಸಿನ ಮೇಲೆ ನಿಂತಿದೆ. ಹಿಂದೆ ಇದ್ದ ಒಂದು ತಿಂಗಳ ರಿಯಾಯಿತಿ ಈಗಿಲ್ಲ. ಮುಗಿದ ಮರುದಿನದಿಂದಲೇ ಗಾಡಿ ಓಡಿಸುವಂತಿಲ್ಲ. ವಯಸ್ಸು ನಲವತ್ತು ದಾಟಿದ್ದರೆ, ಅಥವಾ ಬಾಡಿಗೆ ಗಾಡಿ ಓಡಿಸುವವರಾಗಿದ್ದರೆ, ವೈದ್ಯರ ಪ್ರಮಾಣಪತ್ರ ಬೇಕು. ಅದಕ್ಕೆ ಹೆದರಬೇಡಿ, ಅಡ್ಡದಾರಿಯನ್ನಂತೂ ಹಿಡಿಯಲೇಬೇಡಿ. ಅದು ನಿಮ್ಮ ಕಣ್ಣಿಗೂ, ಎದುರು ಬರುವವರ ಜೀವಕ್ಕೂ ಕಾವಲು. ಅರ್ಜಿ ಹಾಕಲು ಬಾರದಿದ್ದರೆ ಹತ್ತಿರದ ಗ್ರಾಮ ಒನ್ ಕೇಂದ್ರದಲ್ಲಿ, ಇಲ್ಲವೇ ತಿಳಿದವರಲ್ಲಿ ವಿಚಾರಿಸಿ.

ನಾಳೆ ನೋಡೋಣ ಎನ್ನಬೇಡಿ. ಈ ಹಾಳೆಯನ್ನು ಕೆಳಗಿಡಿ. ಲೈಸೆನ್ಸ್ ತೆಗೆಯಿರಿ. ತಾರೀಕನ್ನು ಮನೆಯವರಿಗೆಲ್ಲ ಕೇಳುವಂತೆ ಗಟ್ಟಿಯಾಗಿ ಓದಿ.