ಸೇತುವೆಯ ನಡುವಿನವರೆಗೆ

ಸೇತುವೆಯ ನಡುವೆ, ಗಡಿ ಎಂದು ಕೊರೆದ ಹಿತ್ತಾಳೆ ಫಲಕಕ್ಕೆ ಮೂರಡಿ ಬಿಟ್ಟು, ನೊಯೆಲ್ಲಾ ನೀರಿನ ಲಾರಿ ನಿಲ್ಲಿಸಿದಳು. ಎಂಜಿನ್ ಆರಿಸಲಿಲ್ಲ. ಎದುರು ದಡದಲ್ಲಿ, ಅಮೆರಿಕದ ಕಡೆ, ಆಲೂಗಡ್ಡೆ ಉಗ್ರಾಣವೊಂದು ಹೊತ್ತಿ ಕಪ್ಪು ಹೊಗೆ ಏಳುತ್ತಿತ್ತು. ಅದಕ್ಕೆ ತಾಗಿದಂತಿದ್ದ ಹಳದಿ ಮನೆ ಅವಳ ಅವ್ವನದು.

"ಹೋಗ್ಬಿಡು ಅತ್ಲಾಗೆ," ಎಂದ ಪಕ್ಕದಲ್ಲಿ ಕೂತಿದ್ದ ರೊಸೇರ್. ಕೆನಡಾ ಕಡೆಯ ಅಗ್ನಿಶಾಮಕ ದಳಕ್ಕೆ ಅವನೇ ಹಿರಿಯ. ಕಣ್ಣಿನ ಆಪರೇಷನ್ ಆದಮೇಲೆ ಸ್ಟಿಯರಿಂಗ್ ಮುಟ್ಟುತ್ತಿರಲಿಲ್ಲ. ಉಳಿದ ಚಾಲಕರೆಲ್ಲ ಆಲೂಗಡ್ಡೆ ಕೀಳಲು ಹೊಲಗಳಿಗೆ ಹೋಗಿದ್ದರು. "ಬೆಂಕಿ ಬಿದ್ದಾಗ ಯಾರು ಕೇಳ್ತಾರೆ?"

"ಕೇಳ್ತಾರೆ ಮಾವ. ನನ್ ಜೊತೆ ಲಾರೀನೂ ಹಿಡ್ಕೋತಾರೆ."

ಯಾವ ಕಡೆ ಸೈರನ್ ಕೂಗಿದರೂ ಎರಡೂ ಕಡೆಯ ಲಾರಿಗಳು ಹೊರಡುವುದು ಅಜ್ಜಂದಿರ ಕಾಲದ ರೂಢಿ. ಎಂಟು ವರ್ಷ ಅವಳು ಹಾಗೆ ದಾಟಿದ್ದಳು. ಮೂರು ವಾರದ ಹಿಂದೆ, ಭಾನುವಾರದ ಊಟಕ್ಕೆ ಅವ್ವನ ಮನೆಗೆ ಹೊರಟಾಗ, ಆ ತುದಿಯ ಚೌಕಿಯಲ್ಲಿ ಅಧಿಕಾರಿಯೊಬ್ಬ ಎಲ್ಲಿ ಕೆಲಸ ಎಂದು ಕೇಳಿದ. ಗಾಂಜಾ ಬೆಳೆಯುವ ಗಾಜಿನ ಮನೆಯಲ್ಲಿ ಎಲೆ ಕತ್ತರಿಸುತ್ತೇನೆ ಎಂದಳು. ಈ ಕಡೆ ಅದಕ್ಕೆ ಸರ್ಕಾರದ್ದೇ ಪರವಾನಗಿ ಇತ್ತು. ಯಾವತ್ತಾದರೂ ಸೇದಿದ್ದೀರಾ ಎಂದ. ಹದಿನೇಳರಲ್ಲಿ ಒಂದು ಸಲ, ಬರೀ ಕೆಮ್ಮು ಬಂತು ಎಂದು ಅವಳು ನಗುತ್ತಲೇ ಹೇಳಿದಳು. ಅವನು ಅದನ್ನು ಬರೆದುಕೊಂಡು ಸಹಿ ಹಾಕಿಸಿದ. ಇನ್ನು ಜೀವಮಾನವಿಡೀ ಪ್ರವೇಶವಿಲ್ಲ ಎಂಬ ಕಾಗದ ಕೊಟ್ಟ. ದನಿ ಏರಿಸಲೂ ಇಲ್ಲ.

ಈಗ, ನಿಂತ ಲಾರಿ ಕಂಡು, ಆ ತುದಿಯಿಂದ ಅವಳ ಅಣ್ಣ ಒರೆಲ್ ಓಡಿಬಂದ. ಅವನಿದ್ದದ್ದು ಆ ಕಡೆಯ ದಳದಲ್ಲಿ.

"ಇಳಿಯೇ ಗಾಂಜಾ ರಾಣಿ," ಎಂದ ಏದುಸಿರಲ್ಲಿ. "ನಮ್ ಟ್ಯಾಂಕಿನ ನೀರು ಮುಗೀತಾ ಬಂತು."

"ಅವ್ವ?"

"ಹೊರಗೆ ಎಳ್ಕೊಂಡ್ ಬಂದಿದೀನಿ. ನನ್ನೇ ಬೈತಾವ್ಳೆ."

"ಮೂರನೇ ಗೇರ್ ಕಚ್ಚುತ್ತೆ. ಕ್ಲಚ್ ಎರಡು ಸಲ ಒತ್ತು."

"ನಂಗೇ ಹೇಳ್ಕೊಡ್ತೀಯಾ?"

"ಹೋದ್ವರ್ಷ ಚರ್ಚಿನ ಗೇಟಿಗೆ ಗುದ್ದಿದ್ದು ಯಾರಪ್ಪ?"

ಅವಳು ಇಳಿದಳು, ಅವನು ಹತ್ತಿ ಕೂತ. ಲಾರಿ ಫಲಕ ದಾಟಿತು. ಮೂರನೇ ಗೇರಿಗೆ ಒಮ್ಮೆ ಕಿರುಗುಟ್ಟಿ, ಆಮೇಲೆ ಸಲೀಸಾಗಿ ಓಡಿತು.

ನೊಯೆಲ್ಲಾ ಕಂಬಿ ಹಿಡಿದು ನಿಂತಳು. ಕಿಡಿಗಳು ಹಳದಿ ಮನೆಯ ಸೂರಿನ ಮೇಲೆ ಬೀಳುತ್ತಿದ್ದವು. ಸೂರಿನ ಒಂದು ಅಂಚು ಕಪ್ಪಾಗುತ್ತ ಬಂತು. ಕೊನೆಗೆ ನೀರು ಕಮಾನಿನಂತೆ ಎದ್ದು ಮೊದಲು ಮನೆಯ ಮೇಲೆ, ಆಮೇಲೆ ಉಗ್ರಾಣದ ಮೇಲೆ ಬಿತ್ತು. ಹೊಗೆ ನಿಧಾನಕ್ಕೆ ಬೆಳ್ಳಗಾಯಿತು.

ಆಗ ಅವ್ವ ಕಂಡಳು. ಗಂಡಸರು ಪೈಪು ಹಿಡಿದು ಓಡಾಡುತ್ತಿದ್ದರೆ, ಅವಳು ಅಂಗಳದ ಹಗ್ಗದಿಂದ ದೊಡ್ಡ ಹೊದಿಕೆಯೊಂದನ್ನು ಇಳಿಸಿ ಮಸಿ ಕೊಡವುತ್ತಿದ್ದಳು. ಎರಡು ತುದಿ ಗದ್ದದಡಿ ಒತ್ತಿಕೊಂಡು ಮಡಚಲು ನೋಡಿದಳು. ಭಾನುವಾರಗಳಲ್ಲಿ ನೊಯೆಲ್ಲಾ ಹಿಡಿಯುತ್ತಿದ್ದ ಉಳಿದೆರಡು ತುದಿ ಜಾರಿ ಹುಲ್ಲಿನ ಮೇಲೆ ಬಿದ್ದವು. ಮತ್ತೆ ಎತ್ತಿಕೊಂಡಳು, ಮತ್ತೆ ಜಾರಿದವು. ಹೊದಿಕೆಯನ್ನು ತಿರುಗಿ ಹಗ್ಗದ ಮೇಲೆಯೇ ಹಾಕಿದಳು.