ಇನ್ನೂ ಮೆತ್ತಗಿನ ಪದ

“ಈ ಪದ ಬೇಡ,” ಎಂದು ಮ್ಯಾನೇಜರ್ ಮೂರನೆಯ ಸಲ ಅಪಘಾತದ ವರದಿಯನ್ನು ಗುಮಾಸ್ತನ ಮೇಜಿಗೆ ಎಸೆದ. “ರಿಮೂವ್ಡ್ ಅಂದ್ರೆ, ಯಾರು ರಿಮೂವ್ ಮಾಡಿದ್ದು ಅಂತ ಕೇಳ್ತಾರೆ. ಇನ್ನೂ ಮೆತ್ತಗಿರೋದು ಹುಡುಕಿ. ಎಂ.ಎ. ಇಂಗ್ಲಿಷ್ ಮಾಡಿದೀರಲ್ರೀ.”

ನೀವೇ ತಾನೇ ತೆಗೆಸಿದ್ದು ಎಂಬ ಮಾತು ಗಂಟಲಿನವರೆಗೆ ಬಂತು. ಬಾಯಿಗೆ ಬಂದದ್ದು ಬೇರೆ. “ಮಧ್ಯಾಹ್ನದೊಳಗೆ ಕೊಡ್ತೀನಿ ಸರ್.”

ರಟ್ಟಿನ ಪೆಟ್ಟಿಗೆ ಮಾಡುವ ಕಾರ್ಖಾನೆ. ರಟ್ಟು ಕತ್ತರಿಸುವ ಯಂತ್ರದ ಅಲಗಿಗೆ ಕಬ್ಬಿಣದ ಜಾಲರಿಯೊಂದು ಅಡ್ಡ ಇತ್ತು. ಕೆಲಸ ನಿಧಾನವಾಗುತ್ತದೆಂದು ಮ್ಯಾನೇಜರ್ ಅದನ್ನು ಬಿಚ್ಚಿಸಿದ. ಹತ್ತು ದಿನದ ಹಿಂದೆ ಕಟಿಂಗ್‌ನವನ ಬಲಗೈಯ ನಾಲ್ಕು ಬೆರಳು ಹೋದವು. ಮನೆಮಾತಿನಲ್ಲಿ ಎರಡು ವಾಕ್ಯಕ್ಕೆ ಮುಗಿಯುವ ಸಂಗತಿ ಇಂಗ್ಲಿಷಿನಲ್ಲಿ ಮೂರು ದಿನದಿಂದ ಮುಗಿಯುತ್ತಿಲ್ಲ.

ಕಚೇರಿಯಲ್ಲಿ ಗುಮಾಸ್ತನಿಗೆ ಡಿಕ್ಷನರಿ ಎಂದು ಅಡ್ಡಹೆಸರು. ಕಾಲೇಜಿನಲ್ಲಿ ಬಹುಮಾನ ಬಂದ ಸಮಾನಾರ್ಥಕ ಪದಗಳ ದಪ್ಪ ಪುಸ್ತಕ ಡ್ರಾಯರಿನಲ್ಲೇ ಇದೆ. ಅದರಲ್ಲಿ ಪದಗಳು ಅಣ್ಣತಮ್ಮಂದಿರಂತೆ ಸಾಲಾಗಿ ನಿಂತಿದ್ದವು. ಒಂದೇ ಮನೆಯವು, ಒಂದರ ಬುದ್ಧಿ ಇನ್ನೊಂದಕ್ಕಿಲ್ಲ. ಡಿಟ್ಯಾಚ್ಡ್: ಅದಕ್ಕೂ ಯಾರದಾದರೂ ಕೈ ಬೇಕು. ಡಿಸ್‌ಪ್ಲೇಸ್ಡ್: ಭೂಕಂಪವಾಯಿತೇ ಎಂದಾರು. ಮಿಸ್ಸಿಂಗ್: ಕದ್ದವರಾರು ಎಂದಾರು. ಕೊನೆಗೆ ಆಬ್ಸೆಂಟ್ ಸಿಕ್ಕಿತು. ಅಂದು ಜಾಲರಿ ಗೈರುಹಾಜರು, ಶಾಲೆಗೆ ಚಕ್ಕರ್ ಹೊಡೆದ ಹಾಗೆ. ಯಾರ ತಪ್ಪೂ ಇಲ್ಲ.

ವರದಿಯ ಕೆಳಗೆ ಮ್ಯಾನೇಜರ್ ತಾನೇ ಒಂದು ವಾಕ್ಯ ಸೇರಿಸಿದ್ದ: ಕೆಲಸಗಾರ ಗಮನವಿಲ್ಲದೆ ಕೈ ಹಾಕಿದ. ಇದಕ್ಕೆ ಕೆಲಸಗಾರನ ಸಹಿ ಬಿದ್ದರೆ ತಪ್ಪು ಕಟಿಂಗ್‌ನವನದೇ. ಬೆರಳಿನ ಹಿಂದೆ ಕೆಲಸವೂ ಹೋದಂತೆಯೇ.

ಗುಮಾಸ್ತನಿಗೆ ಮೈಯೆಲ್ಲ ಉರಿಯಿತು. ಥೂ, ಇದೂ ಒಂದು ವಿದ್ಯೆಯೇ! ಹೊಸ ಹಾಳೆ ಎಳೆದುಕೊಂಡು ಮಾಲೀಕರಿಗೇ ಬರೆಯತೊಡಗಿದ: ಈ ವರದಿಯಿಂದ ತಾನು ಔಟ್‌ರೇಜ್ಡ್. ತುಸು ಜೋರಾಯಿತೇನೋ. ಆ್ಯಂಗ್ರಿ ಎಂದರೆ ಮಕ್ಕಳ ಭಾಷೆ. ಮತ್ತೆ ಪುಸ್ತಕ ತೆರೆದ. ಅಪ್‌ಸೆಟ್. ಅನ್‌ಹ್ಯಾಪಿ. ಊಟದ ಹೊತ್ತಿಗೆ ಅವನ ಸಿಟ್ಟು ಕನ್ಸರ್ನ್ಡ್ ಆಗಿತ್ತು. ಹಾಳೆಯನ್ನು ಮುದುಡಿ ಬುಟ್ಟಿಗೆ ಹಾಕಿದ. ಆಮೇಲೆ ಯಾರಾದರೂ ಓದಿಯಾರೆಂದು ಹೆಕ್ಕಿ ಚೂರುಚೂರಾಗಿ ಹರಿದ.

ಮಧ್ಯಾಹ್ನ ಕಟಿಂಗ್‌ನವನು ಅಕ್ಕನ ಜೊತೆ ಸಹಿ ಮಾಡಲು ಬಂದ. ಬ್ಯಾಂಡೇಜಿನ ಕೈಯನ್ನು ಕೊರಳಿಗೆ ಕಟ್ಟಿಕೊಂಡಿದ್ದ.

“ನಮಗೆ ತಿಳಿಯೋ ಹಾಗೆ ಒಂದ್ಸಲ ಓದಿಬಿಡಿ ಸಾರ್,” ಎಂದಳು ಅಕ್ಕ.

ಗುಮಾಸ್ತ ಬಾಯಿ ತೆರೆದ. ಜಾಲರಿ ಬಂದಿರಲಿಲ್ಲ ಎನ್ನಲೇ? ರಜೆ ಹಾಕಿತ್ತು ಎನ್ನಲೇ?

“ಆವತ್ತು ಏನಾಯ್ತೋ ಅದೇ ಇದೆಯಮ್ಮಾ.”

“ಜಾಲರಿ ಬಿಚ್ಚಿಸಿದ್ದು ಬರ್ದಿದೀರಾ?”

“ಜಾಲರಿ ವಿಷ್ಯಾನೂ ಇದೆ.”

“ಯಾರು ಬಿಚ್ಚಿಸಿದ್ರು ಅಂತ?”

“ಇಂಥದ್ರಲ್ಲಿ ಹೆಸರೆಲ್ಲ ಹಾಕಲ್ಲ.”

“ಸುತ್ತಿ ಬಳಸಿ ಹೇಳ್ಬೇಡಿ ಸಾರ್. ಇದೆಯಾ, ಇಲ್ವಾ?”

“ನಂಬಿಕೆ ಇಲ್ದಿದ್ರೆ ಬೇರೆಯವರ ಹತ್ರ ಓದಿಸ್ಕೊಳ್ರೀ!” ಎಂದು ಅವನು ಕೂಗಿಬಿಟ್ಟ. ಬೆಳಗಿನಿಂದ ಹುಡುಕುತ್ತಿದ್ದ ದನಿ ಈಗ ಸಿಕ್ಕಿತ್ತು. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ. ಗಾಜಿನಾಚೆ ಮ್ಯಾನೇಜರ್ ತಲೆಯೆತ್ತಿ ನೋಡಿ, ಮೆಚ್ಚುಗೆಯಿಂದಲೋ ಏನೋ, ಮತ್ತೆ ತಗ್ಗಿಸಿದ.

“ಸುಮ್ನಿರಕ್ಕಾ,” ಎಂದ ಕಟಿಂಗ್‌ನವನು. “ಸಾರ್ ಬರೆದದ್ದು ಅಂದ್ಮೇಲೆ ಸರಿಯಾಗೇ ಇರುತ್ತೆ.”

ಗುಮಾಸ್ತ ಹೆಬ್ಬೆಟ್ಟಿನ ಶಾಯಿ ಡಬ್ಬಿಯನ್ನು ಮುಂದೆ ತಳ್ಳಿದ.

“ಅದು ಬೇಡ ಸಾರ್, ನಂಗೆ ಸಹಿ ಬರುತ್ತೆ.” ಕಟಿಂಗ್‌ನವನು ಎಡಗೈಯಲ್ಲಿ ಪೆನ್ನು ಹಿಡಿದು ಊರಿದ. ಹಾಳೆ ಜಾರಿತು. ಪೆನ್ನು ಕೆಳಗಿಟ್ಟು, ಹಾಳೆ ಸರಿಮಾಡಿ, ಮತ್ತೆ ಊರಿದ. ಮತ್ತೆ ಜಾರಿತು.

“ಸ್ವಲ್ಪ ಒತ್ತಿ ಹಿಡ್ಕೊಳ್ತೀರಾ ಸಾರ್?”

ಅಕ್ಕ ಗುಮಾಸ್ತನ ಮುಖವನ್ನೇ ನೋಡುತ್ತಿದ್ದಳು. ಅವನು ಎರಡೂ ಕೈ ಚಾಚಿ, ಹತ್ತೂ ಬೆರಳುಗಳಿಂದ ಹಾಳೆಯನ್ನು ಮೇಜಿಗೆ ಒತ್ತಿ ಹಿಡಿದ. ಕಟಿಂಗ್‌ನವನು ಉಸಿರು ಬಿಗಿಹಿಡಿದು ತನ್ನ ಹೆಸರಿನ ಮೊದಲ ಅಕ್ಷರವನ್ನು ಮತ್ತೆ ಬರೆಯತೊಡಗಿದ. ಈ ಸಲ ಹಾಳೆ ಅಲುಗಲಿಲ್ಲ.