ಮಂತ್ರಿಯ ವಿದ್ಯಾರ್ಹತೆ: ಮೂರನೇ ಕರಡು

೧.
ಎಲ್ಲಿಂದ ಶುರು ಮಾಡುವುದು? ಮೊದಲ ವಾಕ್ಯದಲ್ಲೇ ಮಂತ್ರಿಯನ್ನು ಕರೆತಂದರೆ ಎಲ್ಲರೂ ಎದ್ದು ನಿಲ್ಲಬೇಕಾಗುತ್ತದೆ, ಓದುಗರೂ. ಹಾಗಾಗಿ ಟೈಪಿಸ್ಟ್‌ಳಿಂದ ಶುರು.

ಹೊಸ ಮಂತ್ರಿಗಳ ಪರಿಚಯಪುಟ ತಯಾರಿಸುವುದು ಅವಳ ಕೆಲಸ. ಕಚೇರಿಯ ರೂಢಿಯೆಂದರೆ, ಹಿಂದಿನವರ ಪುಟ ತೆರೆದು ಹೆಸರು, ಫೋಟೋ ಬದಲಿಸುವುದು. ಮೊನ್ನೆ ಅವಸರದಲ್ಲಿ 'ವಿದ್ಯಾರ್ಹತೆ' ಬದಲಿಸಲು ಮರೆತಳು. ಹಿಂದಿನವರು ಸಿವಿಲ್ ಇಂಜಿನಿಯರ್, ಹೊಸಬರು ಬಸ್ ಡ್ರೈವರ್ ಆಗಿದ್ದವರು. ಪುಟ ಓದಿದ ಪ್ರಧಾನಿ, "ಇಂಜಿನಿಯರ್ ಅಲ್ವಾ? ಸೇತುವೆ ಖಾತೆ ಕೊಟ್ಬಿಡಿ" ಎಂದರು.

೨.
(ಮೊದಲ ಕರಡಿನಲ್ಲಿ ಮಂತ್ರಿ ಶುದ್ಧ ಪೆದ್ದ. ಅವರೇ ಬಂದು ನನ್ನ ಜೊತೆ ಜಗಳ ತೆಗೆದರು: "ಏನಮ್ಮಾ, ಓದಿಲ್ಲ ಅಂದ್ರೆ ತಲೆನೇ ಇಲ್ಲ ಅಂತಾನಾ?" ಎರಡನೆಯದರಲ್ಲಿ ಮಹಾಜ್ಞಾನಿ, ಸ್ಟೀರಿಂಗ್ ಹಿಡಿದೇ ಬಿರುಕು ಪತ್ತೆ ಮಾಡುತ್ತಿದ್ದರು. ನನಗೇ ನಗು ಬಂತು. ಎರಡನ್ನೂ ಹರಿದೆ.)

೩.
ಇವತ್ತು ಮಧ್ಯಾಹ್ನ. ಹಳೇ ಸೇತುವೆಯ ಕಂಬದಲ್ಲಿ ಬಿರುಕು. ಇಬ್ಬರು ಇಂಜಿನಿಯರುಗಳು ಎರಡು ಥರ ಬರೆದು, 'ಮಾನ್ಯರು ಸ್ವತಃ ಇಂಜಿನಿಯರ್, ಅವರೇ ತೀರ್ಮಾನಿಸಲಿ' ಎಂದು ಕಡತ ತಳ್ಳಿದ್ದಾರೆ. ಟೈಪಿಸ್ಟ್‌ಳ ತಂಗಿ ದಿನಾ ಐದರ ಬಸ್ಸಿನಲ್ಲಿ ಆ ಸೇತುವೆ ದಾಟುತ್ತಾಳೆ. ಟೈಪಿಸ್ಟ್ ಮಂತ್ರಿಯ ಕೋಣೆಗೆ ಹೋದಳು.

"ಸರ್, ನಿಮ್ಮ ವಿದ್ಯಾರ್ಹತೆ ತಪ್ಪಾಗಿದೆ. ನಾನೇ ಮಾಡಿದ್ದು."

"ಗೊತ್ತು."

"ಮತ್ತೆ ಸುಮ್ನಿದ್ರಲ್ಲ?"

"ಮೊದಲ್ನೇ ಸಲ ಎಲ್ರೂ ನನ್ನ ಮಾತು ಬರ್ಕೊಳ್ತಿದ್ರು ಕಣಮ್ಮ. ಚೆನ್ನಾಗಿತ್ತು." ಅವರು ಕಡತ ಅವಳತ್ತ ತಿರುಗಿಸಿದರು. "ಸೇತುವೆ ಮುಚ್ಚೋಕೆ ತಾಂತ್ರಿಕ ಕಾರಣ ಬರೀಬೇಕಂತೆ. ತೆರೆದಿಡೋಕೆ ಸಹಿ ಒಂದೇ ಸಾಕಂತೆ. ನೀನು ಓದಿದೋಳು, ಹೇಳು."

"ನಾನು ಓದಿದ್ದು ಸಾಹಿತ್ಯ, ಸರ್."

"ಸರಿಹೋಯ್ತು!"

"'ನಂಗೆ ಗೊತ್ತಾಗಲ್ಲ, ಗೊತ್ತಿರೋರು ನೋಡೋವರೆಗೂ ಮುಚ್ಚಿ' ಅಂತ ಬರೀರಿ."

"ಬರೆದ್ರೆ ನನ್ನ ಖಾತೆ ಹೋಗತ್ತೆ. ನಿನ್ನ ಕೆಲಸಾನೂ."

೪.
ಅಂತ್ಯ ಒಂದು: ಬರೆದರು. ಸೇತುವೆ ಬೀಳಲಿಲ್ಲ, ಸುತ್ತುದಾರಿ ಹಿಡಿದ ಊರೆಲ್ಲ ಬೈಯಿತು.

ಅಂತ್ಯ ಎರಡು: ಬರೆಯಲಿಲ್ಲ. ಸೇತುವೆ ಅವತ್ತೂ ಬೀಳಲಿಲ್ಲ. ಒಳ್ಳೆಯ ಇಂಜಿನಿಯರ್ ಎಂದು ಎಲ್ಲರೂ ಮಂತ್ರಿಯನ್ನು ಹೊಗಳಿದರು.

ಅಂತ್ಯ ಮೂರು:

"ಅದನ್ನ ಬರೀಬೇಡಿ," ಟೈಪಿಸ್ಟ್ ನನ್ನ ಕೈ ಹಿಡಿದಳು. "ಅದ್ರಲ್ಲಿ ನನ್ನ ತಂಗಿ ಇದಾಳೆ."

ನಾನು ನಿಲ್ಲಿಸಿದೆ. ಅವಳು ಫೋನ್ ಹಚ್ಚಿದಳು. "ಇವತ್ತು ಬಸ್ ಹತ್ಬೇಡ ಕಣೇ. ಸುಮ್ನೆ ಹೇಳಿದ್ದು ಕೇಳು."

"ಆಯ್ತಕ್ಕ. ಸ್ಟಾಪಲ್ಲಿ ಇಷ್ಟು ಜನ ಇದಾರಲ್ಲ, ಅವ್ರಿಗೂ ಹೇಳ್ಲಾ? ಯಾಕೆ ಅಂದ್ರೆ ಏನ್ ಹೇಳ್ಲಿ?"

ಅವಳು ಮಂತ್ರಿಯ ಮುಖ ನೋಡಿದಳು. ಮಂತ್ರಿ ಪೆನ್ನಿನ ಮುಚ್ಚಳ ತೆಗೆದು ನನ್ನ ಮುಖ ನೋಡಿದರು. ನನ್ನ ಪೆನ್ನೂ ತೆರೆದೇ ಇದೆ. ಗಂಟೆ ನಾಲ್ಕೂ ಐವತ್ತು. ಇಬ್ಬರೂ ಇನ್ನೂ ಬರೆದಿಲ್ಲ.